ಒಣನೆಲಕ್ಕೊಂದು ಮ್ಯೂಸಿಯಂ ಬೇಕು

ಮಾನ್ಯ ಸಂಪಾದಕರೇ,

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ನಾನು ಕಳೆದ ಹನ್ನೆರಡು ವರ್ಷಗಳಿಂದ ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಟೂಸಾನ್ ನಗರದ ಉತ್ತರದ ಅಂಚಿಗಿರುವ ಓರೊ ವ್ಯಾಲಿ ಎಂಬ ಊರಿನಲ್ಲಿ ವಾಸವಾಗಿದ್ದೇನೆ. ನಿಮ್ಮ ಪತ್ರಿಕೆಯನ್ನು ಓದದ ದಿನವಿಲ್ಲ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆ ಯಾವುದಾದರೊಂದು ಯೋಜನೆಗೆ ಜಾಗ ಗುರುತಿಸಿದ ಸುದ್ದಿ ಬಂದಾಗಲೆಲ್ಲ, ಅದು ಸೋಲಾರ್ ಪಾರ್ಕ್ ಇರಲಿ, ಕೈಗಾರಿಕಾ ವಸಾಹತು ಇರಲಿ, ಆ ಜಾಗವನ್ನು ‘ಬರಡು ಭೂಮಿ’ ಎಂದೇ ಕರೆದಿರುತ್ತಾರೆ. ಅಧಿಕಾರಿಗಳ ಹೇಳಿಕೆಯಲ್ಲಿದ್ದ ಮಾತು ವರದಿಯಲ್ಲಿಯೂ ಹಾಗೆಯೇ ಉಳಿದುಬಿಡುತ್ತದೆ. ನಮ್ಮ ಸೀಮೆಗಿಂತ ಕಡಿಮೆ ಮಳೆ ಬೀಳುವ ನೆಲದಲ್ಲಿ ಮನೆ ಮಾಡಿಕೊಂಡು ಇಷ್ಟು ವರ್ಷ ಬದುಕಿದವನಿಗೆ ಆ ಮಾತನ್ನು ಓದಿದಾಗ ನಿಜವಾಗಿಯೂ ನೋವಾಗುತ್ತದೆ. ಈ ಪತ್ರ ಬರೆಯುವುದಕ್ಕೆ ಅದೇ ಕಾರಣ.

ಟೂಸಾನ್ ಇರುವುದು ಸೊನೋರಾ ಮರುಭೂಮಿಯಲ್ಲಿ. ವರ್ಷಕ್ಕೆ ಸುಮಾರು 280 ಮಿಲಿಮೀಟರ್ ಮಳೆ. ಜೂನ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ನಮ್ಮ ಬಡಾವಣೆಯ ಬೆನ್ನಿಗೆ ಸಾಂತಾ ಕತಲಿನಾ ಬೆಟ್ಟಸಾಲು ಗೋಡೆಯಂತೆ ಎದ್ದು ನಿಂತಿದೆ. ಹೆಚ್ಚಿನ ಬೀದಿಗಳಲ್ಲಿ ದೀಪದ ಕಂಬಗಳಿಲ್ಲ. ಹೊಸದಾಗಿ ಬಂದಾಗ ಈ ಕತ್ತಲೆಯೇ ನನಗೆ ದಿಗಿಲಾಗಿತ್ತು. ಸುತ್ತಲಿನ ಬೆಟ್ಟಗಳ ಮೇಲೆ ಕಿಟ್ ಪೀಕ್‌ನಂಥ ಖಗೋಳ ವೀಕ್ಷಣಾಲಯಗಳಿವೆ, ಅಲ್ಲಿನ ದುರ್ಬೀನುಗಳಿಗೆ ಊರಿನ ಬೆಳಕು ಅಡ್ಡ ಬರಬಾರದೆಂದು 1972ರಷ್ಟು ಹಿಂದೆಯೇ ಈ ಪ್ರದೇಶದಲ್ಲಿ ಹೊರದೀಪಗಳಿಗೆ ನಿಯಮ ಮಾಡಿದ್ದಾರೆ ಎಂಬುದು ಆಮೇಲೆ ತಿಳಿಯಿತು. ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ, ಬೇಸಿಗೆಯ ರಾತ್ರಿ ನಮ್ಮ ಹಳ್ಳಿಯ ಮಾಳಿಗೆಯ ಮೇಲೆ ಮಲಗಿ ನೋಡುತ್ತಿದ್ದ ಆಕಾಶ ಮತ್ತೆ ಸಿಕ್ಕಂತಾಗುತ್ತದೆ. ಹಂದಿಯನ್ನು ಹೋಲುವ ಹವಲೀನಗಳು ಗುಂಪುಗುಂಪಾಗಿ ಬಂದು ಪಾಪಾಸುಕಳ್ಳಿಯನ್ನು ಮುಳ್ಳುಸಹಿತ ಅಗಿಯುವ ಸದ್ದು ಬಿಟ್ಟರೆ ಬೇರೆ ಗಲಾಟೆ ಇರುವುದಿಲ್ಲ.

ಅದೇ ಹಿತ್ತಿಲ ಮೂಲೆಯಲ್ಲಿ ಒಂದು ಸವಾರೊ ಇದೆ. ಇದು ಈ ಮರುಭೂಮಿಗೇ ವಿಶಿಷ್ಟವಾದ ಕಂಬದಂಥ ದೊಡ್ಡ ಕಳ್ಳಿ. ಬೀಜ ಮೊಳೆತು ಎಂಟು ವರ್ಷವಾದರೂ ಇದು ಒಂದೂವರೆ ಅಂಗುಲ ದಾಟುವುದು ಕಷ್ಟ. ಮೊದಲ ತೋಳು ಮೂಡಲು ಐವತ್ತರಿಂದ ಎಪ್ಪತ್ತು ವರ್ಷ ಹಿಡಿಯುತ್ತದೆ. ನಮ್ಮ ಮನೆಯದಕ್ಕೆ ಮೂರು ತೋಳುಗಳಿವೆ. ಎಂದರೆ ಈ ಬಡಾವಣೆ ಹುಟ್ಟುವುದಕ್ಕೆ ಬಹಳ ಮೊದಲೇ ಅದು ಅಲ್ಲಿತ್ತು. ಅದರ ಮೈತುಂಬ ಹಾರ್ಮೋನಿಯಂ ತಿದಿಯಂಥ ಮಡಿಕೆಗಳಿವೆ. ಒಳ್ಳೆಯ ಮಳೆಯಾದ ವಾರದಲ್ಲಿ ನೀರು ಹೀರಿ ಆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಮಳೆಯಿಲ್ಲದ ತಿಂಗಳುಗಳಲ್ಲಿ ಮತ್ತೆ ಆಳವಾಗುತ್ತವೆ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಗುಬ್ಬಿಗಿಂತ ಸ್ವಲ್ಪವೇ ದೊಡ್ಡದಾದ ಗೂಬೆಯೊಂದು ಎರಡು ಬೇಸಿಗೆ ಸಂಸಾರ ಹೂಡಿತ್ತು. ರಾಜ್ಯದ ಕಾನೂನು ಈ ಗಿಡಕ್ಕೆ ರಕ್ಷಣೆ ಕೊಟ್ಟಿದೆ. ಸ್ವಂತ ಜಾಗದಲ್ಲಿದ್ದರೂ ಅದನ್ನು ತೆಗೆಯುವ ಮೊದಲು ಹಲವು ಸಂದರ್ಭಗಳಲ್ಲಿ ಮಾಲೀಕ ಸರ್ಕಾರಕ್ಕೆ ತಿಳಿಸಬೇಕಾಗುತ್ತದೆ. ನಮ್ಮ ಕಡೆ ಕಾರಹುಣ್ಣಿಮೆ ಬರುವ ಹೊತ್ತಿಗೆ ಇಲ್ಲಿ ಸವಾರೊ ಹಣ್ಣಾಗುತ್ತದೆ. ಈ ನೆಲದ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಸತ್ತ ಸವಾರೊದ ಒಣಗಿದ ಪಕ್ಕೆಗಳಿಂದಲೇ ಮಾಡಿದ ಉದ್ದನೆಯ ದೋಟಿಯಲ್ಲಿ ಆ ಹಣ್ಣು ಕೀಳುತ್ತಾರೆ. ಅವರಿಗೆ ಹೊಸ ವರ್ಷ ಆರಂಭವಾಗುವುದು ಈ ಸುಗ್ಗಿಯಿಂದ, ಮಳೆಯನ್ನು ಕರೆಯುವ ಅವರ ಆಚರಣೆಯೂ ಆಗಲೇ ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿ ಇಲ್ಲಿಗೆ ಬಂದು ಮೂರು ತಿಂಗಳು ಇದ್ದರು. ಬಂದ ಮಾರನೆಯ ಬೆಳಿಗ್ಗೆ ಮನೆಯ ಹಿಂದಿನ ಹಳ್ಳದ ದಾರಿಯಲ್ಲಿ ನಡೆಯುವಾಗ ಒಂದು ಮರದ ಕೆಳಗೆ ನಿಂತು, ಬಿದ್ದಿದ್ದ ಕಾಯೊಂದನ್ನು ಮುರಿದು ಮೂಸಿ, “ಇದು ನಮ್ಮ ಬಳ್ಳಾರಿ ಜಾಲಿ ಅಲ್ಲೇನು?” ಎಂದರು. ಅವರ ಮಾತು ಹೆಚ್ಚುಕಡಿಮೆ ಸರಿಯಾಗಿತ್ತು. ಅದು ಮೆಸ್ಕೀಟ್ ಮರ. ನಮ್ಮ ಕೆರೆ, ಗೋಮಾಳಗಳನ್ನೆಲ್ಲ ನುಂಗಿರುವ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಜಾಲಿ ನಮ್ಮಲ್ಲಿಗೆ ಬಂದದ್ದೇ ಅಮೆರಿಕ ಖಂಡದಿಂದ. ಅಲ್ಲಿ ಶತ್ರುವಾಗಿರುವ ವಂಶದ ಮರವೇ ಇಲ್ಲಿ ತಾಯಿಮರ: ಅದರ ನೆರಳಿಲ್ಲದಿದ್ದರೆ ಎಳೆಯ ಸವಾರೊ ಬಿಸಿಲಿಗೆ, ಹಿಮಕ್ಕೆ ಸತ್ತುಹೋಗುತ್ತದೆ. ಅದರ ಕಾಯಿಯನ್ನು ಬೀಸಿ ಸಿಹಿಯಾದ ಹಿಟ್ಟು ಮಾಡುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅಮ್ಮ ‘ಬಂದರೆ’ ಎಂಬ ಗಿಡವನ್ನು ಗುರುತಿಸಿದರು. ಇದು ಮಾತ್ರ ಬಂಧುವಲ್ಲ, ಅದೇ ಗಿಡ. ನಮ್ಮ ಜೋಗಿಮಟ್ಟಿಯ ಗುಡ್ಡದಲ್ಲಿ ಬೆಳೆಯುವಂತೆ ಇಲ್ಲಿನ ಗುಡ್ಡಗಳಲ್ಲಿಯೂ ಸಹಜವಾಗಿ ಬೆಳೆಯುತ್ತದೆ. ಇಷ್ಟು ವರ್ಷ ದಿನವೂ ಅದರ ಪಕ್ಕ ನಡೆದಿದ್ದ ನನಗೆ ಅದು ಗೊತ್ತಿರಲಿಲ್ಲ.

ಅದೇ ವಾರ ಅವರನ್ನು ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ. ಸಂಪಾದಕರೇ, ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಈ ಸಂಸ್ಥೆಯ ವಿಚಾರವನ್ನೇ. ‘ವಸ್ತುಸಂಗ್ರಹಾಲಯ’ ಎಂಬ ನಮ್ಮ ಪದ ಇದಕ್ಕೆ ಒಗ್ಗುವುದಿಲ್ಲ. 1952ರಲ್ಲಿ ಆರಂಭವಾದ ಇದರ ಬಹುಪಾಲು ಬಯಲಿನಲ್ಲಿದೆ. ಮೃಗಾಲಯ, ಸಸ್ಯೋದ್ಯಾನ, ಭೂವಿಜ್ಞಾನದ ಸಂಗ್ರಹ ಎಲ್ಲವೂ ಒಂದೇ ಕಾಲುದಾರಿಯ ಆಚೀಚೆ ಸಿಗುತ್ತವೆ. ಇಲ್ಲಿ ಆನೆಯಿಲ್ಲ, ಜಿರಾಫೆಯಿಲ್ಲ. ಸೊನೋರಾ ಮರುಭೂಮಿ ಸೀಮೆಯ ಗಿಡ, ಪ್ರಾಣಿ, ಕಲ್ಲು ಮಾತ್ರ ಇರಬೇಕೆಂಬ ಕಟ್ಟುನಿಟ್ಟಿನಿಂದಲೇ ಇದನ್ನು ಕಟ್ಟಿದ್ದಾರೆ. ಬೇರೆ ಕಡೆಯ ಮೃಗಾಲಯದಲ್ಲಿ ಯಾರೂ ತಿರುಗಿ ನೋಡದ ಇಲಿಯ ಮುಂದೆ ಇಲ್ಲಿ ಮಕ್ಕಳು ಮಂಡಿಯೂರಿ ಕೂರುತ್ತಾರೆ. ಕಾಂಗರೂ ಇಲಿ ಒಂದು ಹನಿ ನೀರನ್ನೂ ಕುಡಿಯದೆ, ತಿಂದ ಒಣ ಬೀಜದಿಂದಲೇ ದೇಹಕ್ಕೆ ಬೇಕಾದ ನೀರನ್ನು ಪಡೆದು ಬದುಕಬಲ್ಲದು ಎಂದು ತಿಳಿದ ಮೇಲೆ ಅದು ಬರಿಯ ಇಲಿಯಾಗಿ ಉಳಿಯುವುದಿಲ್ಲ. ಚಳಿಗಾಲದಲ್ಲಿ ಇಲ್ಲಿನ ಹ್ಯಾರಿಸ್ ಗಿಡುಗಗಳನ್ನು ಹಗ್ಗ, ಪಂಜರ ಯಾವುದೂ ಇಲ್ಲದೆ ಹಾರಲು ಬಿಡುತ್ತಾರೆ. ಗುಂಪಾಗಿ ಬೇಟೆಯಾಡುವ ಈ ಹಕ್ಕಿಗಳು ತಲೆಗೂದಲಿಗೆ ರೆಕ್ಕೆಗಾಳಿ ತಾಗುವಷ್ಟು ಹತ್ತಿರದಿಂದ ಹಾದುಹೋದಾಗ ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ದಾರಿಯ ಒಂದು ತಿರುವಿನಲ್ಲಿ ನಿವೃತ್ತ ಮಹಿಳೆಯೊಬ್ಬರು ನಿಂತಿದ್ದರು. ಇಂಥ ಸ್ವಯಂಸೇವಕರು ಈ ಮ್ಯೂಸಿಯಮ್ಮಿನ ಜೀವಾಳ. ಅವರು ಕ್ರಿಯೊಸೋಟ್ ಪೊದೆಯ ನಾಲ್ಕು ಎಲೆಗಳನ್ನು ಅಂಗೈ ಬೊಗಸೆಯಲ್ಲಿಟ್ಟುಕೊಂಡು, ಬಿಸಿಯುಸಿರು ಬಿಟ್ಟು, ಅಮ್ಮನ ಮೂಗಿನ ಹತ್ತಿರ ಹಿಡಿದರು. ಮಳೆ ಬಂದಾಗ ಇಡೀ ಟೂಸಾನ್ ಸೀಮೆಯಲ್ಲಿ ಹರಡುವ ವಾಸನೆ ಅದು. ಆಮೇಲೆ, “ನಿಮ್ಮ ಊರಿನಲ್ಲಿ ಮಳೆಯ ವಾಸನೆ ಯಾವ ಗಿಡದ್ದು?” ಎಂದು ಕೇಳಿದರು. ನಾನು ಅನುವಾದಿಸಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ತುಗ್ಗಲಿ, ಕಮರ, ಕಾರೆ, ಹಂಚಿಹುಲ್ಲು ಎಂದು ಒಂದೊಂದಾಗಿ ಹೆಸರು ಹೇಳತೊಡಗಿದರು. ಯಾವುದನ್ನು ಕುರಿ ತಿನ್ನುತ್ತದೆ, ಯಾವುದನ್ನು ಬಾಣಂತಿಗೆ ಕೊಡುತ್ತಾರೆ, ಎಲ್ಲವನ್ನೂ. ಆಕೆ ತಮ್ಮ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು. ಕಾರಿನಲ್ಲಿ ವಾಪಸು ಬರುವಾಗ ಅಮ್ಮ ಹೇಳಿದ್ದು ಒಂದೇ ಮಾತು: “ನಮ್ಮ ಕಡೆ ನಮ್ಮನ್ನ ಯಾರೂ ಇದನ್ನ ಕೇಳಿಲ್ಲ ನೋಡು.”

ಮನೆಗೆ ಇನ್ನೂ ಹತ್ತಿರದಲ್ಲಿ ತೊಹೊನೊ ಚುಲ್ ಎಂಬ 49 ಎಕರೆಯ ಉದ್ಯಾನವಿದೆ. ಓಧಮ್ ಭಾಷೆಯಲ್ಲಿ ಇದಕ್ಕೆ ಮರುಭೂಮಿಯ ಮೂಲೆ ಎಂದು ಅರ್ಥ. ವರ್ಷದಲ್ಲಿ ಒಂದೇ ರಾತ್ರಿ ಅರಳುವ ಒಂದು ಕಳ್ಳಿಗಾಗಿ ಅಲ್ಲಿ ಜನ ಬೇಸಿಗೆಯಿಡೀ ಕಾಯುತ್ತಾರೆ. ಮೊಗ್ಗುಗಳನ್ನು ದಿನವೂ ಅಳೆದು, ಅರಳುವ ರಾತ್ರಿ ಬಂತೆಂದು ಗೊತ್ತಾದ ಕೂಡಲೇ ಸುದ್ದಿ ಮುಟ್ಟಿಸುತ್ತಾರೆ, ಊರೇ ಹೊರಡುತ್ತದೆ. ಬ್ರಹ್ಮಕಮಲ ಅರಳಿದ ರಾತ್ರಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಆರತಿ ಎತ್ತುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಅಂಗಳದ ಆ ಬ್ರಹ್ಮಕಮಲವೂ ಅಮೆರಿಕ ಖಂಡದಿಂದಲೇ ಬಂದ ಕಳ್ಳಿ. ಟೂಸಾನ್ ಸುತ್ತ ನೂರಾರು ವಿಮಾನಗಳನ್ನು ಬಯಲಿನಲ್ಲಿ ನಿಲ್ಲಿಸಿರುವ ಪೀಮಾ ಮ್ಯೂಸಿಯಂ ಇದೆ, ಶೀತಲ ಸಮರದ ಕ್ಷಿಪಣಿಯನ್ನು ನೆಲದಡಿಯ ಬಾವಿಯಲ್ಲಿಯೇ ಉಳಿಸಿಕೊಂಡಿರುವ ಇನ್ನೊಂದಿದೆ. ಅವನ್ನು ನೋಡಲು ಬರುವವರೂ ಬಹಳ. ನನ್ನ ಮನಸ್ಸು ಮಾತ್ರ ಮೊದಲಿನ ಎರಡರಲ್ಲಿಯೇ ನಿಂತಿದೆ.

ಇಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳಿದರೆ ತಪ್ಪಾಗುತ್ತದೆ. ನನ್ನ ಮನೆಯೇ ಮರುಭೂಮಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. ಈ ಸೀಮೆಯ ನಲ್ಲಿಗಳಿಗೆ 336 ಮೈಲಿ ಉದ್ದದ ಕಾಲುವೆಯಲ್ಲಿ ಕೊಲೊರಾಡೊ ನದಿಯ ನೀರನ್ನು ತರುತ್ತಾರೆ, ಆ ನದಿಯೋ ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ. 2020ರ ಜೂನ್‌ನಲ್ಲಿ ಸಿಡಿಲು ಬಡಿದು ಹತ್ತಿದ ಬೆಂಕಿ ಕತಲಿನಾ ಬೆಟ್ಟದಲ್ಲಿ ಸುಮಾರು 1,20,000 ಎಕರೆಯನ್ನು ಸುಟ್ಟಿತು. ರಾತ್ರಿ ಹೊತ್ತು ಬೆಟ್ಟದ ನೆತ್ತಿಯ ಮೇಲೆ ಕೆಂಪು ಗೆರೆ ಇಳಿಯುವುದನ್ನು ನಾವು ಹಿತ್ತಿಲಿನಿಂದಲೇ ನೋಡಿದೆವು. ಬೆಂಕಿಗೆ ಒಗ್ಗದ ಈ ಮರುಭೂಮಿಯಲ್ಲಿ ಕಿಚ್ಚು ಹಬ್ಬಿಸುವ ದೊಡ್ಡ ಅಪಾಯವೆಂದರೆ ದನದ ಮೇವಿಗೆಂದು ಹೊರಗಿನಿಂದ ತಂದು ಬಿತ್ತಿದ ಬಫೆಲ್ ಹುಲ್ಲು. ನಮ್ಮ ದೇಶದಲ್ಲಿ ಅಂಜನ್ ಹುಲ್ಲೆಂದು ಪ್ರೀತಿಯಿಂದ ಬೆಳೆಸುವುದು ಇದನ್ನೇ. ನಮ್ಮಲ್ಲಿ ಅವರ ಕಡೆಯ ಜಾಲಿ, ಅವರಲ್ಲಿ ನಮ್ಮ ಕಡೆಯ ಹುಲ್ಲು. ವ್ಯತ್ಯಾಸವೇನೆಂದರೆ, ಇಲ್ಲಿ ಶನಿವಾರದ ಬೆಳಿಗ್ಗೆ ಜನ ಗುದ್ದಲಿ, ಹಾರೆ ಹಿಡಿದು ಗುಡ್ಡ ಹತ್ತಿ ಆ ಹುಲ್ಲನ್ನು ಬುಡಸಹಿತ ಕೀಳುತ್ತಾರೆ. ಉಳಿಸಬೇಕಾದದ್ದು ಏನೆಂದು ಶಾಲೆಯ ದಿನಗಳಲ್ಲಿಯೇ ಡೆಸರ್ಟ್ ಮ್ಯೂಸಿಯಂ ಅವರಿಗೆ ತೋರಿಸಿಕೊಟ್ಟಿರುತ್ತದೆ.

ನಮ್ಮ ಬಯಲುಸೀಮೆಯಲ್ಲಿ ತೋರಿಸಲು ಏನಿಲ್ಲ? ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಎರೆಭೂತ ಹಕ್ಕಿಗಳು ಉಳಿದಿವೆ. ರಾಣೆಬೆನ್ನೂರಿನಲ್ಲಿ, ಮಧುಗಿರಿ ಕಡೆಯ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ದರೋಜಿಯಲ್ಲಿ ಕರಡಿ ಇದೆ, ಕುರುಚಲಿನಲ್ಲಿ ತೋಳ, ಕತ್ತೆಕಿರುಬ, ನರಿ ಇವೆ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ರಾಸುಗಳಿಗೆ ಮೀಸಲಾಗಿದ್ದ ಕಾವಲುಗಳಿವೆ, ಅವುಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಸಾವಿರಾರು ಎಕರೆ ಈಗ ದೊಡ್ಡ ಸಂಸ್ಥೆಗಳ ಬೇಲಿಯೊಳಗೆ ಸೇರಿಹೋಗಿದೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ: ಎರಡು ಸಾವಿರ ವರ್ಷಕ್ಕೂ ಹಿಂದೆ ಚಕ್ರವರ್ತಿಯೊಬ್ಬ ತನ್ನ ಮಾತನ್ನು ಕೆತ್ತಿಸಲು ಆರಿಸಿಕೊಂಡ ನೆಲವನ್ನು ನಾವು ಬರಡು ಎನ್ನುತ್ತಿದ್ದೇವೆ.

ನನ್ನ ಕೋರಿಕೆ ಎರಡು. ಮೊದಲನೆಯದು ನಿಮ್ಮಲ್ಲಿ: ದಯವಿಟ್ಟು ವರದಿಗಳಲ್ಲಿ ‘ಬರಡು ಭೂಮಿ’ ಎಂದು ಬಂದ ಕಡೆ ಅಲ್ಲಿರುವುದು ಹುಲ್ಲುಗಾವಲೋ, ಕುರುಚಲು ಕಾಡೋ, ಕಾವಲೋ ಎಂದು ವರದಿಗಾರರಿಂದ ಕೇಳಿ ತಿಳಿದು ಆ ಹೆಸರಿನಿಂದಲೇ ಕರೆಯಿರಿ. ಎರಡನೆಯದು ಸರ್ಕಾರದಲ್ಲಿ ಮತ್ತು ಬಯಲುಸೀಮೆಯ ಜನಪ್ರತಿನಿಧಿಗಳಲ್ಲಿ: ಉಳಿದಿರುವ ಕಾವಲುಗಳಲ್ಲಿ ಒಂದರ ಅಂಚಿನಲ್ಲಿ ಈ ನೆಲದ ಗಿಡ, ಹುಲ್ಲು, ಪ್ರಾಣಿ, ಕಲ್ಲುಗಳಿಗಷ್ಟೇ ಮೀಸಲಾದ ಬಯಲು ಮ್ಯೂಸಿಯಂ ಒಂದನ್ನು ಕಟ್ಟಬೇಕು. ಅದಕ್ಕೆ ಅಮೃತಶಿಲೆಯ ಕಟ್ಟಡ ಬೇಡ. ಕಾಲುದಾರಿ, ನೆರಳು, ಕುಡಿಯುವ ನೀರು, ಕನ್ನಡದಲ್ಲಿ ಬರೆದ ಹೆಸರುಫಲಕ ಇದ್ದರೆ ಆರಂಭಕ್ಕೆ ಸಾಕು. ಅಲ್ಲಿ ದಾರಿಯ ತಿರುವಿನಲ್ಲಿ ನಿಂತು ಮಕ್ಕಳಿಗೆ ಎಲೆಯನ್ನು ಮೂಸಲು ಕೊಟ್ಟು ಹೆಸರು ಹೇಳುವ ಕೆಲಸವನ್ನು ಆ ಸುತ್ತಿನ ಹಟ್ಟಿಗಳ ಕುರಿಗಾಹಿಗಳಿಗೆ ಮತ್ತು ನನ್ನ ತಾಯಿಯಂಥ ಹಿರಿಯ ಹೆಣ್ಣುಮಕ್ಕಳಿಗೆ ಸಂಬಳ ಕೊಟ್ಟು ವಹಿಸಬೇಕು. ಅಮ್ಮನಿಗೆ ಈಗ ಎಪ್ಪತ್ತೆಂಟು ವರ್ಷ. ಅವರು ಅಂದು ಹೇಳಿದ ಹೆಸರುಗಳಲ್ಲಿ ಅರ್ಧದಷ್ಟು ಗಿಡಗಳನ್ನು ನಾನು ನೋಡಿದರೂ ಗುರುತಿಸಲಾರೆ.

ಇಂತಿ,
ಚಳ್ಳಕೆರೆ ಮೂಲದ ಓದುಗ,
ಓರೊ ವ್ಯಾಲಿ, ಅರಿಜೋನಾ