ಪುಟ್ಟವ್ವಾ, ಹೆದರಿ ಕೊಡಬೇಡ

ಪ್ರೀತಿಯ ಪುಟ್ಟವ್ವಾ,

ಒತ್ತಕ್ಷರ ಬಂದ ಕಡೆ ನೀನಿನ್ನೂ ಬೆರಳಿಟ್ಟು ಓದುತ್ತೀಯ. ಅದಕ್ಕೇ ಸಣ್ಣ ಸಣ್ಣ ಮಾತಿನಲ್ಲಿ ಬರೆಯುತ್ತಿದ್ದೇನೆ. ಈಗ ಅಪ್ಪನ ಜೊತೆ ಕೂತು ಓದು. ದೊಡ್ಡವಳಾದ ಮೇಲೆ ಒಬ್ಬಳೇ ಇನ್ನೊಮ್ಮೆ ಓದು.

ಶೇಂಗಾ ಹೋಳಿಗೆ ಕಟ್ಟಿದ ದಿನವೆಲ್ಲ ನೀನು ಹಸಿದುಕೊಂಡೇ ಮನೆಗೆ ಬರುತ್ತೀಯ. ಕೇಳಿದರೆ, "ನಾನ ಕೊಟ್ಟೇನ್ ಬೇ, ಹಂಚ್ಕೊಂಡ ತಿನ್ನಬೇಕು ಅಂತ ನೀನ ಹೇಳಿಯಲ್ಲ" ಅನ್ನುತ್ತೀಯ. ಹಾಗನ್ನುವಾಗ ನಿನ್ನ ಕೈ ಕಣ್ಣಿನ ಚಾಳೀಸಿನ ಕಡ್ಡಿ ಹಿಡಿದುಕೊಂಡಿರುತ್ತದೆ. ಮೊನ್ನೆ ರಾತ್ರಿ ದೀಪ ಆರಿಸಿದ ಮೇಲೆ ನೀನು ಪೂರ್ತಿ ಹೇಳಿದೆ. ಶಾಲೆಯಲ್ಲಿ ಒಬ್ಬ ಹುಡುಗ ನಿನ್ನ ಡಬ್ಬಿ ಕಸಿದುಕೊಳ್ಳುತ್ತಾನೆ. ಬಿಡದಿದ್ದರೆ "ಚಾಳೀಸ ಮುದುಕಿ" ಅಂತ ಕೂಗುತ್ತಾನೆ. ಉಳಿದವರು ನಗುತ್ತಾರೆ.

ಕೇಳು ಮಗಳೇ, ಅದು ಹಂಚಿಕೊಂಡಿದ್ದಲ್ಲ. ಮನಸ್ಸಿಗೆ ಬಂದು ಕೊಡು ಅಂತ ನಾನು ಹೇಳಿದ್ದು. ಹೆದರಿಕೊಂಡು ಕೊಡು ಅಂತ ಯಾವತ್ತೂ ಹೇಳೋದಿಲ್ಲ.

ನಿನ್ನ ಸೋದರಮಾವ "ಒಂದ ಏಟ ಹಾಕು, ತಾನ ಸುಮ್ನಾಗ್ತಾನ" ಅಂದ. ಅಜ್ಜಿ "ಯಾಕ ಬೇಕವ್ವಾ, ಸುಮ್ನ ಇದ್ದಬಿಡು" ಅಂದಳು. ಇಬ್ಬರಿಗೂ ನಿನ್ನ ಮೇಲೆ ಜೀವ. ಆದರೆ ಎರಡೂ ಮಾತು ನನಗೆ ಸರಿ ಅನಿಸಲಿಲ್ಲ. ನೀನು ಹೊಡೆದರೆ ನಾಳೆ ಅವನು ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾನೆ. ಸುಮ್ಮನಿದ್ದರೆ ನಾಳೆಯೂ ಡಬ್ಬಿ ಕಸಿಯುತ್ತಾನೆ.

ನೀನು ಹೀಗೆ ಮಾಡು. ನೆಟ್ಟಗೆ ನಿಲ್ಲು. ಅವನ ಮುಖ ನೋಡು. "ಇದು ನನ್ನ ಡಬ್ಬಿ. ಕಸ್ಕೋಬ್ಯಾಡ. ಬೇಕಂದ್ರ ಕೇಳು" ಅನ್ನು. ಅಷ್ಟೇ. ದನಿ ಗಟ್ಟಿ ಇರಲಿ, ಬೈಗುಳ ಬೇಡ. ಅವನ ಹರಿದ ಪಾಟಿಚೀಲದ ಮಾತು ಬೇಡ, ಅವನ ಅಪ್ಪನ ಮಾತು ಬೇಡ. ಹೇಳಿ ಅಲ್ಲಿಂದ ಪಾಠ ಹೇಳುವ ಅಕ್ಕೋರು ಇರುವ ಕಡೆ ನಡೆದುಬಿಡು. ಅಡುಗೆಮನೆಯಲ್ಲಿ ಇದನ್ನೇ ಆಡಿದೆವಲ್ಲ, ನಾನು ಡಬ್ಬಿ ಕಸಿಯುವ ಹುಡುಗ ಆಗಿ? ನೀನು ಮೊದಲು ನೆಲ ನೋಡಿಕೊಂಡು ಪಿಸುಗುಟ್ಟಿದೆ. ಆಮೇಲೆ ಎಂಥಾ ದನಿ ತೆಗೆದೆ ಅಂದರೆ, ಅಜ್ಜಿ ಹಿತ್ತಲಿನಿಂದ ಓಡಿ ಬಂದಳು. ಆ ದನಿ ನಿನ್ನ ಹತ್ತಿರ ಇದೆ ಪುಟ್ಟವ್ವಾ.

ಅಕ್ಕೋರಿಗೆ ಹೇಳಿದರೆ ಚಾಡಿ ಆಗುತ್ತದೆ ಅಂತ ನಿನಗೆ ಹೆದರಿಕೆ. ಯಾರನ್ನೋ ಬೈಸಬೇಕು ಅಂತ ಹೇಳಿದರೆ ಅದು ಚಾಡಿ. ನೋವು ನಿಲ್ಲಬೇಕು ಅಂತ ಹೇಳೋದು ಚಾಡಿ ಅಲ್ಲ. ಅಕ್ಕೋರು ಕೇಳದಿದ್ದರೆ ನನಗೆ ಹೇಳು, ಅಪ್ಪನಿಗೆ ಹೇಳು. 1098 ಅನ್ನುವ ನಂಬರನ್ನೂ ಬಾಯಿಪಾಠ ಮಾಡಿಕೋ. ಅದು ಮಕ್ಕಳಿಗಾಗಿಯೇ ಇರುವ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ. ನಿನ್ನ ಗೆಳತಿಯರಿಗೂ ಕಲಿಸು.

ಇನ್ನು ಚಾಳೀಸಿನ ಮಾತು. ಇದು ನನಗೆ ಡಬ್ಬಿಗಿಂತ ಜಾಸ್ತಿ ಚುಚ್ಚಿತು. ನಮ್ಮ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ಇದೆ. ನೀನು ನೋಡಿದ್ದೀಯ. ಅದನ್ನು ಕಟ್ಟಿ ಬೆಳೆಸಿದ ಹಾಡುಗಾರ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮವನ್ನು ಹೊತ್ತು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಪುಟ್ಟರಾಜರು ಹಾವೇರಿ ಕಡೆಯ ದೇವಗಿರಿಯವರು. ಹಾರ್ಮೋನಿಯಂ, ಪಿಟೀಲು, ತಬಲಾ, ಸಾರಂಗಿ ಎಲ್ಲಾ ನುಡಿಸುತ್ತಿದ್ದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಕಣ್ಣಿಲ್ಲದ ಎಷ್ಟೋ ಬಡ ಮಕ್ಕಳು ಅಲ್ಲಿ ಉಂಡು, ಹಾಡು ಕಲಿತು ದೊಡ್ಡವರಾದರು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಹೋಗುತ್ತಿದ್ದ ಹುಡುಗರನ್ನು ನೀನು ಎಷ್ಟು ಹೊತ್ತು ನಿಂತು ನೋಡಿದೆ, ನೆನಪಿದೆಯಾ? ಇಂಥ ಊರಿನಲ್ಲಿ ಕಣ್ಣಿನ ಮಾತೆತ್ತಿ ಒಬ್ಬರನ್ನು ಅಣಕಿಸೋದು ಅಂದರೆ ನನಗೆ ಸಂಕಟ ಆಗುತ್ತದೆ. ನೀನು ಮಾತ್ರ ನಾಚಿಕೊಂಡು ಚಾಳೀಸು ತೆಗೆದು ಚೀಲದಲ್ಲಿ ಇಡಬೇಡ. ಹಾಕಿಕೋ. ಬೋರ್ಡಿನ ಮೇಲೆ ಬರೆದದ್ದು ಕಾಣಬೇಕಲ್ವಾ?

ಆ ಹುಡುಗ ಬುತ್ತಿಯನ್ನೇ ತರೋದಿಲ್ಲ ಅಂತ ನೀನೇ ಹೇಳಿದೆ. ಅವನು ಅಜ್ಜಿಯ ಹತ್ತಿರ ಇರುತ್ತಾನಂತೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಪ್ಪ ಅವ್ವ ದುಡಿಯೋಕೆ ಗೋವಾಕ್ಕೆ ಹೋಗಿರುತ್ತಾರೆ, ಮಕ್ಕಳು ಊರಲ್ಲೇ ಉಳಿಯುತ್ತವೆ. ಅವನ ಮನೆಯದು ಏನು ಕಥೆಯೋ. ಹಾಗಂತ ಅವನು ಮಾಡಿದ್ದು ಸರಿ ಅನ್ನುತ್ತಿಲ್ಲ. ಅವನು ಕೆಟ್ಟವನು ಅಂತ ಈಗಲೇ ತೀರ್ಮಾನ ಮಾಡಬೇಡ, ಅಷ್ಟೇ. ಒಂದು ದಿನ ಕಸಿಯದೆ ಕೇಳಿದ ಅಂತಿಟ್ಟುಕೋ. ಕೊಡಬೇಕು ಅನಿಸಿದರೆ ಒಂದು ತುಂಡು ಕೊಡು. ಮನಸ್ಸಿಲ್ಲದಿದ್ದರೆ ಎಲ್ಲಾ ನೀನೇ ತಿನ್ನು, ನಾನೇನೂ ಅನ್ನೋದಿಲ್ಲ.

ಎಲ್ಲರೂ ನಕ್ಕರೂ ನಿನ್ನ ಬೆಂಚಿನ ಹುಡುಗಿ ನಗಲಿಲ್ಲ ಅಂದೆಯಲ್ಲ, ಅವಳ ಜೊತೆ ಕೂತು ಉಣ್ಣು. ಕಾಡಿಸುವವರಿಗೆ ನೋಡಿ ನಗುವವರು ಬೇಕು. ನಾಳೆ ಅವರು ಬೇರೆ ಯಾರನ್ನಾದರೂ ಕಾಡಿಸಿದರೆ ನೀವಿಬ್ಬರೂ ಹೋಗಿ ಆ ಮಗುವಿನ ಪಕ್ಕ ನಿಲ್ಲಿ. "ಬಾ, ಆಡೂಣು" ಅಂತ ಕೈ ಹಿಡಿದು ಕರೆದುಕೊಂಡು ಬನ್ನಿ.

ಸೋಮವಾರ ನಾನೂ ನಿನ್ನ ಜೊತೆ ಶಾಲೆಗೆ ಬರುತ್ತೇನೆ. ಅಕ್ಕೋರ ಹತ್ತಿರ ಮಾತಾಡೋದು ನನ್ನ ಕೆಲಸ. ಆ ಹುಡುಗನ ಅಜ್ಜಿ ಸಿಕ್ಕರೆ ಅವರನ್ನೂ ಮಾತಾಡಿಸುತ್ತೇನೆ. ಜಗಳ ಮಾಡೋದಿಲ್ಲ, ಹೆದರಬೇಡ.

ನಿನ್ನ ಅವ್ವ
ಗದಗ