ಶಿರಾಜ್ ಈ ಬಾರಿ ತಡ, ಬೆಲೆಯೂ ಹೆಚ್ಚು: ಗ್ರಾಹಕರಿಗೊಂದು ಪತ್ರ

ಆತ್ಮೀಯರೇ,

ದೀಪಾವಳಿಗೆ ಬರಬೇಕಿದ್ದ ಶಿರಾಜ್ (ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್) ಯುಗಾದಿ ಕಳೆದ ಮೇಲೆ ನಿಮ್ಮ ಕೈಸೇರಲಿದೆ. ಬಾಟಲಿಗೆ 180 ರೂಪಾಯಿ ಹೆಚ್ಚಾಗುತ್ತದೆ. ಮುಂಗಡ ಕೊಟ್ಟವರಿಗೆ ಹಳೆಯ ಬೆಲೆಯೇ. ಕಾಯಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಆದರೆ ಇಷ್ಟು ಒಳ್ಳೆಯ ಕೆಂಪು ವೈನ್ ನಮ್ಮಲ್ಲಿ ಹಿಂದೆಂದೂ ಆಗಿರಲಿಲ್ಲ, ಅದನ್ನು ಅವಸರದಲ್ಲಿ ಹೊರಗೆ ಕಳಿಸಲು ಮನಸ್ಸು ಬರಲಿಲ್ಲ.

ಇನ್ನು ಮುಂದೆ ಶಿರಾಜ್ ವರ್ಷ ತುಂಬುವವರೆಗೆ ಓಕ್ ಮರದ ಪೀಪಾಯಿಯಲ್ಲೇ ಇರುತ್ತದೆ. ಬಾಟಲಿಗೆ ತುಂಬುವಾಗ ಸೋಸುವುದಿಲ್ಲ.

ಕಳೆದ ಸಲ ಸ್ವಲ್ಪ ಬಾಟಲಿಗಳನ್ನು ಸೋಸದೆ ಕೊಟ್ಟಾಗಿನಿಂದ ಒಂದೇ ದೂರು: "ತಳದಲ್ಲಿ ಗಷ್ಟು ನಿಂತಿದೆ, ಬಣ್ಣ ಬೆರೆಸಿದ್ದೀರಾ?" ಖಂಡಿತ ಇಲ್ಲ. ಶಿರಾಜ್ ಹಣ್ಣೊಂದನ್ನು ಬೆರಳಲ್ಲಿ ಹಿಸುಕಿ ನೋಡಿ, ರಸಕ್ಕೆ ಬಣ್ಣವೇ ಇರುವುದಿಲ್ಲ. ಕೆಂಪೆಲ್ಲ ಸಿಪ್ಪೆಯದು. ಹುದುಗುವಾಗ ಸಿಪ್ಪೆ ಮೇಲೆ ತೇಲಿ ದಪ್ಪಗೆ ಪದರ ಕಟ್ಟುತ್ತದೆ. ನಮ್ಮ ಹುಡುಗರು ಬೆಳಿಗ್ಗೆ ಸಂಜೆ ಅದನ್ನು ಒತ್ತಿ ರಸದಲ್ಲಿ ಮುಳುಗಿಸುತ್ತಾರೆ; ಸುಗ್ಗಿ ಮುಗಿದು ಎಷ್ಟೋ ದಿನ ಅವರ ಉಗುರಿನ ಸಂದಿಯ ನೇರಳೆ ಹೋಗುವುದಿಲ್ಲ. ಬಣ್ಣದ ಜೊತೆಗೇ ಸಿಪ್ಪೆ, ಬೀಜಗಳ ಟ್ಯಾನಿನ್ ಕೂಡ ರಸಕ್ಕಿಳಿಯುತ್ತದೆ. ಹಸಿ ಅಡಿಕೆ ಅಗಿದಂತೆ ನಾಲಿಗೆ ಹಿಡಿಯುವ ಒಗರು ಅದರದ್ದೇ. ಕಾಲ ಕಳೆದಂತೆ ಬಣ್ಣ, ಟ್ಯಾನಿನ್ ಎರಡೂ ಒಂದಕ್ಕೊಂದು ಅಂಟಿ, ಭಾರವಾಗಿ ತಳಕ್ಕಿಳಿಯುತ್ತವೆ. ನೀವು ನೋಡಿದ ಗಷ್ಟು ಅದು. ಫ್ರಿಜ್ಜಿನಲ್ಲಿಟ್ಟಾಗ ಮಿನುಗುವ ಹರಳುಗಳು ದ್ರಾಕ್ಷಿಯ ಹುಳಿಯಿಂದಲೇ ಆದವು. ಎರಡರಿಂದಲೂ ತೊಂದರೆಯಿಲ್ಲ. ನುಣ್ಣಗೆ ಸೋಸಿದರೆ ವೈನ್ ಫಳಫಳ ಅನ್ನುತ್ತದೆ ನಿಜ, ಆದರೆ ಬಾಯಿ ತುಂಬುವ ಗುಣ ಕಡಿಮೆಯಾಗುತ್ತದೆ. ಸೋಸಿದ್ದು, ಸೋಸದ್ದು ಎರಡನ್ನೂ ನಾವು ಪಕ್ಕಪಕ್ಕ ಇಟ್ಟು ರುಚಿ ನೋಡಿಯೇ ಈ ಮಾತು ಹೇಳುತ್ತಿರುವುದು. ಕುಡಿಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ, ನಿಧಾನವಾಗಿ ಬಗ್ಗಿಸಿ, ತಳದ ಗುಟುಕನ್ನು ಬಿಟ್ಟುಬಿಡಿ.

"ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಇಷ್ಟೊಂದು ರೇಟಾ?" ಎಂದು ಕೇಳುವವರಿದ್ದಾರೆ, ಬೇಸರವಾಗುತ್ತದೆ. ಪಕ್ಕದ ತೋಟದ ಬೆಂಗಳೂರು ಬ್ಲೂ ಬೇರೆ, ಇದು ಬೇರೆ. ಉಳಿದ ಗೊಂಚಲಿಗೆ ಸತ್ವ ತುಂಬಲಿ ಎಂದು ನಾವು ಫಸಲನ್ನೇ ಕಿತ್ತು ಹಾಕುತ್ತೇವೆ. ಪೀಪಾಯಿ ಫ್ರಾನ್ಸಿನದು, ಕಾರ್ಕು ಪೋರ್ಚುಗಲ್ಲಿನದು. ಯೂರೋ ಏರಿದಾಗೆಲ್ಲ ಏಟು ಬೀಳುವುದು ನಮಗೆ. 225 ಲೀಟರಿನ ಪೀಪಾಯಿಗೆ ಹೆಚ್ಚೆಂದರೆ 300 ಬಾಟಲಿ. ಅದರಲ್ಲೂ ಮರದ ಮೂಲಕ ಆವಿಯಾದಷ್ಟನ್ನು ಮತ್ತೆ ವೈನಿನಿಂದಲೇ ತುಂಬಿಸುತ್ತಿರಬೇಕು. ಮೂರ್ನಾಲ್ಕು ಸಲ ಬಳಸುವಷ್ಟರಲ್ಲಿ ಓಕ್ ತನ್ನ ಪರಿಮಳ ಕೊಟ್ಟು ಮುಗಿಸಿರುತ್ತದೆ. ವರ್ಷವಿಡೀ ದುಡ್ಡು ಪೀಪಾಯಿಯಲ್ಲೇ ಕೂತಿದ್ದರೂ ಸಾಲದ ಬಡ್ಡಿ ತಿಂಗಳು ತಿಂಗಳು ಕಟ್ಟಲೇಬೇಕು.

ಅನುಮಾನವಿದ್ದವರು ದಯವಿಟ್ಟು ತೋಟಕ್ಕೇ ಬನ್ನಿ. ಪೀಪಾಯಿಯಿಂದಲೇ ತೆಗೆದು ಕೊಡುತ್ತೇವೆ, ರುಚಿ ನೋಡಿ. ಮುಂಗಡ ವಾಪಸ್ ಬೇಕಿದ್ದರೆ ಒಂದು ಫೋನ್ ಮಾಡಿ ಸಾಕು, ಕಾರಣ ಕೇಳುವುದಿಲ್ಲ.

ನಿಮ್ಮ ವೈನರಿ ಬಳಗ