ಕೀಟೋ ಆಹಾರದಲ್ಲಿರುವ ಮಕ್ಕಳ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ಬದಿಯಡ್ಕ, ಕುಂಬಳೆ ಕಡೆ ಮಕ್ಕಳಿಗೆ ಶೀತ-ಜ್ವರ ಶುರುವಾಗಿದೆ. ಮೂರ್ಛೆರೋಗಕ್ಕೆ ಕೀಟೋ (ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಆಹಾರ) ಕೊಡುತ್ತಿರುವವರು ದಯವಿಟ್ಟು ಗಮನಿಸಿ.

ಕೆಮ್ಮು-ಜ್ವರದ ಸಿರಪ್‌ಗಳಲ್ಲಿ ಹೆಚ್ಚಾಗಿ ಸಕ್ಕರೆ ಇರುತ್ತದೆ. 4:1ರ ಲೆಕ್ಕದಲ್ಲಿ, ಅಂದರೆ 4 ಗ್ರಾಂ ಕೊಬ್ಬಿಗೆ ಪಿಷ್ಟ-ಪ್ರೊಟೀನ್ ಸೇರಿ 1 ಗ್ರಾಂ ತಿನ್ನುವ ಮಗುವಿಗೆ ಅಷ್ಟರಿಂದಲೇ ಕೀಟೋನ್ (ಕೊಬ್ಬು ಕರಗಿದಾಗ ದೇಹದಲ್ಲಿ ಉಂಟಾಗುವ ವಸ್ತು) ಇಳಿದು ಸೆಳವು ಮರಳಬಹುದು. ‘ಸಕ್ಕರೆ ಇಲ್ಲ’ ಎಂದು ಬರೆದ ಬಾಟಲಿಯಲ್ಲಿ ಸೋರ್ಬಿಟಾಲ್ ಎಂಬ ಸಿಹಿಕಾರಕ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಮಾತ್ರೆಯ ರೂಪದಲ್ಲಿ ಸಿಗುತ್ತದೆಯೇ ಎಂದು ಡಾಕ್ಟರನ್ನು ಕೇಳಿ. ಜ್ವರವೆಂದು ಗಂಜಿ, ಬೆಲ್ಲದ ಕಷಾಯ ಬೇಡ, ಅಜ್ಜಿಯಂದಿರಿಗೂ ಹೇಳಿಡಿ. ನೀಲಗಿರಿ ಎಣ್ಣೆ, ಕರ್ಪೂರ ಹಚ್ಚಲೇಬೇಡಿ, ಅವೂ ಸೆಳವು ತರಬಲ್ಲವು.

ಕ್ಯಾಲ್ಸಿಯಂ, ವಿಟಮಿನ್ ಡಿ ತಪ್ಪಿಸಬೇಡಿ. ಫೆನಿಟಾಯಿನ್ (ಸೆಳವು ತಡೆಯುವ ಔಷಧಿ) ಇದ್ದರೆ ಕ್ಯಾಲ್ಸಿಯಂಗೂ ಅದಕ್ಕೂ 2 ಗಂಟೆ ಅಂತರವಿರಲಿ. ವಾಂತಿ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ, ಕೀಟೋದಲ್ಲಿದ್ದಾನೆ/ಳೆ ಎಂದು ಮೊದಲೇ ತಿಳಿಸಿ.

ಮನೆಯಲ್ಲಿರುವ ಸಿರಪ್‌ಗಳ ಲೇಬಲ್ ಫೋಟೋ ಶನಿವಾರ ಸಂಜೆ 6ರೊಳಗೆ ಇಲ್ಲಿ ಹಾಕಿ, ಡಯಟೀಷಿಯನ್ ಹತ್ತಿರ ಒಟ್ಟಿಗೆ ಕೇಳೋಣ.